ಹುಚ್ಚು ಹಿಡಿಯದ ಹಸು

ಹಾಲಿಗೆ ನೀರು ಬೆರೆಸುತ್ತಾನೆ ಅಂತ ಯಾರಾದರೂ ನನ್ನ ಮೇಲೆ ಹೇಳಿದ್ದರೆ ಅದಕ್ಕೆ ಉತ್ತರ ಕೊಡುವುದು ಸುಲಭವಿತ್ತು. ಹಾಲಿನ ಕ್ಯಾನನ್ನು ಸಂತೆಯ ನಡುವೆ ಇಟ್ಟು, ಬೆರಳು ಅದ್ದಿ ನೋಡಿ ಅನ್ನುತ್ತಿದ್ದೆ. ಹನಿ ಉಗುರಿನ ಮೇಲೆ ನಿಂತರೆ ಹಾಲು, ಜಾರಿದರೆ ನೀರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ಅವರು ಹೇಳಿದ್ದು ನನ್ನ ಹಸುವಿಗೆ ಹುಚ್ಚು ನಾಯಿ ಕಚ್ಚಿದೆ ಅಂತ. ಕಚ್ಚಿಲ್ಲ ಅನ್ನುವುದನ್ನು ತೋರಿಸುವುದು ಹೇಗೆ? ಇಲ್ಲದ ಗಾಯವನ್ನು ಯಾರಿಗೆ ತೋರಿಸಲಿ?

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮ ತಂದೆ ಹಾಸನದ ಕಡೆಯಿಂದ ಬಂದು ಸುಂಟಿಕೊಪ್ಪದ ಹತ್ತಿರ ಎಸ್ಟೇಟಿನ ಬೇಲಿಗೆ ತಾಗಿದ ಒಂದು ತುಂಡು ಗದ್ದೆ ಮಾಡಿಕೊಂಡಿದ್ದವರು. ಅವರು ತೀರಿಕೊಂಡಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಸ್ಲೇಟನ್ನು ಗೋಡೆಗೆ ಒರಗಿಸಿ ದನದ ಹಗ್ಗ ಹಿಡಿದೆ. ಗದ್ದೆಯಿಂದ ಬರುವುದು ಊಟಕ್ಕೆ ಸರಿಹೋಗುತ್ತಿತ್ತು. ಉಪ್ಪು, ಬಟ್ಟೆ, ಸೀಮೆಎಣ್ಣೆ ಎಲ್ಲಕ್ಕೂ ಹಾಲೇ ದಾರಿ. ಕೊಡುವ ಹಸು ಒಂದೇ, ಕಂದು ಬಣ್ಣದ್ದು, ಎರಡನೇ ಕರುವಿನ ಹಾಲು. ಎಸ್ಟೇಟಿನ ಲೆಕ್ಕ ಬರೆಯುವ ರೈಟ್ರ ಮನೆಗೆ, ಸ್ಕೂಲು ಮಾಸ್ತರರ ಮನೆಗೆ, ಲೈನುಮನೆಗಳಲ್ಲಿ ಎಳೆಮಕ್ಕಳಿದ್ದ ಒಂದೆರಡು ಕೂಲಿಯವರ ಮನೆಗೆ, ಉಳಿದದ್ದು ಬಸ್ಸು ನಿಲ್ಲುವಲ್ಲಿನ ಕಾಕನ ಚಾಯದ ಹೋಟೆಲಿಗೆ. ಕಾಕ ಮಲಬಾರಿನ ಕಡೆಯವನು. ನನ್ನ ಹಾಲು ಬಂದ ಮೇಲೆಯೇ ಒಲೆಯ ಮೇಲೆ ದೊಡ್ಡ ಪಾತ್ರೆ ಇಡುತ್ತಿದ್ದ. ಅದು ನನಗೆ ಒಂದು ಹೆಮ್ಮೆ. ಬರೆಯುವವರಿಗೆ ಅವರ ಅಕ್ಷರ ಹೇಗೋ ನನಗೆ ಆ ಹಾಲು ಹಾಗೆ.

ಹೂಮಳೆ ಬಿದ್ದು ಕಾಫಿ ಹೂ ಉದುರಿದ ಮೇಲಿನ ಬಿಸಿಲ ದಿನಗಳು. ಲೈನುಮನೆಗಳ ಹತ್ತಿರ ಒಂದು ಹುಚ್ಚು ನಾಯಿ ಓಡಾಡಿ, ಎಸ್ಟೇಟಿನವರು ಅದನ್ನು ಕೋವಿಯಲ್ಲಿ ಹೊಡೆದು ಹೂತಿದ್ದರು. ಅದು ನಿಜ, ನಾನೂ ಹೋಗಿ ನೋಡಿದ್ದೆ. ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಹೆಂಡತಿ ಹೊರಗಿನಿಂದ ಕೂಗಿದಳು. ಹಸು ಬೇಲಿಯ ಹತ್ತಿರ ಕುತ್ತಿಗೆ ಮುಂದಕ್ಕೆ ಚಾಚಿಕೊಂಡು ನಿಂತಿತ್ತು. ಬಾಯಿಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು, ಮೂತಿಯ ಸುತ್ತ ನೊರೆ. ಬಾನಿಯ ನೀರು ತೋರಿಸಿದರೆ ಮೂತಿ ಇಟ್ಟು, ಕೆಮ್ಮಿ, ತಲೆ ಕೊಡವಿ ಹಿಂದಕ್ಕೆ ಓಡುತ್ತಿತ್ತು. ಕಣ್ಣು ಹೊರಗೆ ಬಂದ ಹಾಗಿತ್ತು.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಬೇಲಿಯ ಆಚೆ ಎಸ್ಟೇಟಿನ ಹಲಸಿನ ಮರವಿದೆ, ಆ ಕಾಲದಲ್ಲಿ ಮುಷ್ಟಿಯಷ್ಟು ದಪ್ಪದ ಮಿಡಿಗಳು ಉದುರುತ್ತವೆ. ದನ ಅದನ್ನು ಅಗಿಯದೆ ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಂಡತಿಗೆ ಕೊಂಬು ಹಿಡಿಯಲು ಹೇಳಿ, ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು ಬಾಯೊಳಗೆ ಕೈ ಹಾಕಿದೆ. ಅಷ್ಟು ಹೊತ್ತಿಗೆ ಎಸ್ಟೇಟಿನ ಕೆಲಸ ಬಿಟ್ಟು ಸೌದೆ ಹೊತ್ತ ಹೆಂಗಸರು ಬೇಲಿಯ ಪಕ್ಕದ ಕಾಲುದಾರಿಯಲ್ಲಿ ಬಂದರು. ನೋಡಿದರು. ಒಬ್ಬಳು ಇನ್ನೊಬ್ಬಳ ಸೆರಗು ಹಿಡಿದು ಎಳೆದದ್ದು ನನಗೆ ಕಂಡಿತು. ಅವರು ಬೇಗ ಬೇಗ ಹೆಜ್ಜೆ ಹಾಕಿ ಇಳಿಜಾರು ಇಳಿದುಬಿಟ್ಟರು. ಅವರು ಮರೆಯಾದ ಮೇಲೆ ಮಿಡಿ ನನ್ನ ಬೆರಳಿಗೆ ಸಿಕ್ಕಿತು. ಎಳೆದು ತೆಗೆದೆ. ಹಸು ಒಂದು ಸಲ ದೀರ್ಘವಾಗಿ ಉಸಿರು ಬಿಟ್ಟು, ಬಾನಿಗೆ ಮೂತಿ ಇಟ್ಟು ತಳ ಕಾಣುವವರೆಗೆ ನೀರು ಕುಡಿಯಿತು.

ಹಸು ನೀರು ಕುಡಿದದ್ದನ್ನು ನೋಡಲು ಯಾರೂ ನಿಂತಿರಲಿಲ್ಲ. ಮಿಡಿಯನ್ನು ಹೆಂಡತಿ ಗೊಬ್ಬರದ ಗುಂಡಿಗೆ ಎಸೆದಳು. ನಾನು ಕೈ ತೊಳೆದು ಊಟ ಮುಗಿಸಿದೆ. ಮೊಣಕೈ ಹತ್ತಿರ ಹಸುವಿನ ದವಡೆಹಲ್ಲು ತರಚಿತ್ತು. ಸುಣ್ಣ ಹಚ್ಚಿ ಮರೆತೆ.

ರೈಟ್ರ ಹೆಂಡತಿ ಮಾರನೆಯ ಬೆಳಿಗ್ಗೆ ಬಾಗಿಲು ಪೂರ್ತಿ ತೆರೆಯದೆ, "ಇವತ್ತು ಹಾಲು ಬೇಡ ಗೌಡ್ರೇ, ನಿನ್ನೇದೇ ಉಳಿದಿದೆ" ಅಂದರು. ಆ ಮನೆಯಲ್ಲಿ ಹಾಲು ಉಳಿದದ್ದನ್ನು ನಾನು ಕೇಳಿರಲಿಲ್ಲ. ಮಾಸ್ತರರ ಮನೆಯಲ್ಲಿ ಪಾತ್ರೆ ಹೊರಗೆ ಇಟ್ಟಿರಲಿಲ್ಲ. ಕೂಗಿದರೂ ಯಾರೂ ಬರಲಿಲ್ಲ, ಒಳಗೆ ಕೆಮ್ಮು ಮಾತ್ರ ಕೇಳಿಸಿತು. ಹೋಟೆಲಿಗೆ ಹೋದಾಗ ಕಾಕ ಕ್ಯಾನನ್ನು ಮುಟ್ಟಲಿಲ್ಲ.

"ಗೌಡ್ರೇ, ಬೇಜಾರು ಮಾಡ್ಬೇಡಿ. ಜನ ಕೇಳ್ತಾರೆ, ಚಾಯದಲ್ಲಿ ಹಾಲು ಯಾರದ್ದು ಅಂತ. ನಾನು ಎಂತ ಹೇಳೋದು?"

"ನಂದು ಅಂತ ಹೇಳು. ಯಾಕೆ, ಏನಾಯ್ತು?"

ಅವನು ದನಿ ಇಳಿಸಿ ಹೇಳಿದ. ನನ್ನ ಹಸುವಿಗೆ ಹುಚ್ಚು, ಮೂತಿ ತುಂಬ ನೊರೆ, ನೀರು ಕಂಡರೆ ಓಡುತ್ತದೆ, ಲೈನಿನ ನಾಯಿ ಕಚ್ಚಿದ್ದಂತೆ, ಹಾಲು ಕುಡಿದವರಿಗೆಲ್ಲ ಬರುತ್ತದಂತೆ.

ನನಗೆ ನಗು ಬಂತು. "ಹಲಸಿನ ಮಿಡಿ ಕಾಕ, ಗಂಟಲಲ್ಲಿ ಸಿಕ್ಕಿತ್ತು" ಅಂದೆ.

"ನನಗೆ ಗೊತ್ತು, ನೀವು ಸುಳ್ಳು ಹೇಳೋರಲ್ಲ. ಆದ್ರೆ ಎರಡು ದಿವಸ ಸುಮ್ನೆ ಇರಿ. ಈ ಜನಕ್ಕೆ ಇನ್ನೊಂದು ಮಾತು ಸಿಗ್ತದೆ, ಇದು ಬಿಡ್ತಾರೆ."

ಮನೆಯಲ್ಲಿ ಹೆಂಡತಿಯೂ ಅದನ್ನೇ ಹೇಳಿದಳು. "ನೀವು ಬಾಯಿ ಬಿಟ್ಟಷ್ಟೂ ದೊಡ್ಡದಾಗುತ್ತೆ. ಹಸು ಕಣ್ಣೆದುರಿಗೇ ಮೇಯ್ತಾ ಇದೆ. ಕಣ್ಣಿರೋರು ನೋಡ್ಕೊಳ್ಳಿ."

ಆದರೆ ನನ್ನ ಸ್ವಭಾವ ಹಾಗಲ್ಲ. ತಪ್ಪು ಮಾಡದವನು ಯಾಕೆ ತಲೆ ತಗ್ಗಿಸಬೇಕು? ಸಂತೆಯ ದಿನ ಕಾಕನ ಹೋಟೆಲು ತುಂಬಿರುತ್ತದೆ. ಕುಶಾಲನಗರದಿಂದ ಬಂದವರು, ಮಡಿಕೇರಿ ಬಸ್ಸಿಗೆ ಕಾಯುವವರು, ಲೈನಿನವರು, ಎಲ್ಲರೂ ಅಲ್ಲಿ. ನಾನು ಬಾಗಿಲಲ್ಲಿ ನಿಂತು ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನೊರೆ ಬಂದದ್ದು, ನೀರಿಗೆ ಹೆದರಿದ ಹಾಗೆ ಕಂಡದ್ದು, ಕೈ ಹಾಕಿ ಮಿಡಿ ತೆಗೆದದ್ದು, ಒಂದನ್ನೂ ಬಿಡಲಿಲ್ಲ. ನಿಜ ಹೇಳುವಾಗ ಯಾಕೆ ಬಿಡಬೇಕು? ಹುಚ್ಚು ನಾಯಿ ನಮ್ಮ ಬೇಲಿಯ ಕಡೆ ಬರಲೇ ಇಲ್ಲ ಅಂತಲೂ ಸೇರಿಸಿದೆ.

ಬೆಂಚಿನ ಮೇಲೆ ಯಾವಾಗಲೂ ಕೂತಿರುತ್ತಿದ್ದ ಒಬ್ಬ ಮುದುಕ, ಮೊದಲು ಗಾಡಿ ಹೊಡೆಯುತ್ತಿದ್ದವನು, ಲೋಟ ಕೆಳಗಿಟ್ಟ. "ಕೈ ಎಲ್ಲೀವರ್ಗೂ ಹಾಕ್ದೆ?"

"ಮೊಣಕೈವರೆಗೆ."

"ಹಲ್ಲು ತಾಗ್ತಾ?"

ತೋಳು ಮಡಿಸಿ ತೋರಿಸಿದೆ. ತರಚಿದ ಗಾಯಕ್ಕೆ ಹಚ್ಚಿದ ಸುಣ್ಣ ಇನ್ನೂ ಇತ್ತು. ಅವನು ಬಗ್ಗಿ ನೋಡಿ, ನಿಧಾನವಾಗಿ ಬೆಂಚಿನ ಆಚೆ ತುದಿಗೆ ಸರಿದ. ಅವನ ಪಕ್ಕದವನೂ ಸರಿದ.

"ಅಯ್ಯೋ, ಹಲಸಿನ ಮಿಡಿ ಸಿಕ್ಕಿತ್ತು ಅಂತ ಹೇಳ್ತಿದೀನಲ್ಲ."

"ಅದು ಸರಿ ಗೌಡ. ಮಿಡಿ ಎಲ್ಲೈತೆ?"

ಮನೆಗೆ ಹೋಗಿ ಗೊಬ್ಬರದ ಗುಂಡಿ ಕೆದಕಿದೆ. ಕೊಳೆತ ಸೊಪ್ಪಿನ ನಡುವೆ ಅದು ಎಲ್ಲಿ ಹೋಯಿತೋ ಸಿಗಲಿಲ್ಲ. ಮರದ ಕೆಳಗಿನಿಂದ ಅಂಥದೇ ಒಂದನ್ನು ಆರಿಸಿ ತಂದು ತೋರಿಸಿದೆ. ಹೋಟೆಲಿನಲ್ಲಿ ಎಲ್ಲರೂ ನಕ್ಕರು. "ಎಸ್ಟೇಟ್ ತುಂಬಾ ಬಿದ್ದೈತಲ್ಲ, ಒಂದು ಗಾಡಿ ತುಂಬ್ಕೊಂಡ್ ಬಾ" ಅಂದ ಮುದುಕ.

ಅಲ್ಲಿಯವರೆಗೆ ಈ ಮಾತು ಕೇಳದಿದ್ದವರೂ ಅವತ್ತು ಕೇಳಿದರು, ಅದೂ ನನ್ನ ಬಾಯಿಂದಲೇ. ಕುಶಾಲನಗರದವರು ಕುಶಾಲನಗರಕ್ಕೆ, ಮಡಿಕೇರಿಯವರು ಮಡಿಕೇರಿಗೆ ಒಯ್ದರು. ಮೊದಲು ಹಸುವಿಗೆ ಮಾತ್ರ ಹುಚ್ಚಿತ್ತು, ಈಗ ನನಗೂ ಅಂಟಿತು. ಎದುರಿಗೆ ಸಿಕ್ಕವರು ನನ್ನ ಮುಖವನ್ನಲ್ಲ, ಗಂಟಲನ್ನು ನೋಡತೊಡಗಿದರು.

ಸರಿ, ಇನ್ನು ಹೆಂಡತಿಯ ಮಾತಿನಂತೆ ಸುಮ್ಮನಿರೋಣ ಅಂದುಕೊಂಡೆ. ಹಾಲಿನ ಕ್ಯಾನು ಹೊತ್ತು ಹೋಗುವುದು, ಯಾರು ಏನು ಕೇಳಿದರೂ ತಲೆಯಾಡಿಸಿ ಮುಂದೆ ಹೋಗುವುದು. ಅದು ಮೂರು ದಿನವೂ ನಡೆಯಲಿಲ್ಲ. ಕ್ಷೌರದ ಅಂಗಡಿಯವನು ನನ್ನ ಕಣ್ಣೆದುರಿಗೇ ಇನ್ನೊಬ್ಬನಿಗೆ ಹೇಳಿದ: "ಗೌಡ್ರು ಮಂಕಾಗವ್ರೆ. ಮೊದ್ಲು ಹಂಗೇ ಆಗೋದು, ಮಾತು ನಿಂತೋಗುತ್ತೆ." ನನಗೆ ಮೈ ಉರಿದು ಹೋಯಿತು. ಅದನ್ನು ಕಂಡು ಅವನು ಬೇಗ ಒಂದು ಲೋಟ ನೀರು ತುಂಬಿ ಮುಂದೆ ಚಾಚಿದ. "ತಗಳಿ ಗೌಡ್ರೇ, ಒಂದು ಗುಟುಕು ಕುಡೀರಿ ನೋಡಾಣ."

ನಾನು ಚಿಕ್ಕಂದಿನಿಂದ ಯಾರಾದರೂ ಪರೀಕ್ಷೆ ಮಾಡಲು ಕೊಟ್ಟದ್ದನ್ನು ಮುಟ್ಟಿದವನಲ್ಲ. ಲೋಟವನ್ನು ತಳ್ಳಿ ಹೊರಗೆ ಬಂದೆ. ಮನೆ ಮುಟ್ಟುವುದರೊಳಗೆ ಆ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು: ನೀರು ಕೊಟ್ಟರೆ ತಳ್ಳಿದನಂತೆ.

ಹೆಂಡತಿ ಹಣೆ ಚಚ್ಚಿಕೊಂಡಳು. "ಒಂದು ಲೋಟ ನೀರು ಕುಡಿದಿದ್ರೆ ಮುಗೀತಿತ್ತಲ್ರೀ."

"ಕುಡಿದಿದ್ರೆ, ಕಷ್ಟಪಟ್ಟು ಕುಡಿದ ಅಂತಿದ್ರು."

ಅವಳು ಒಳಗೆ ಹೋದಳು. ಅದೂ ನಿಜವೇ ಅಂತ ಅವಳಿಗೂ ಗೊತ್ತಿತ್ತು.

ದನದ ಆಸ್ಪತ್ರೆಯ ಡಾಕ್ಟರನ್ನು ಕರೆತಂದೆ. ಸರಕಾರಿ ಜೀಪಿನಲ್ಲಿ ಬಂದರು, ಒಳ್ಳೆಯ ಮನುಷ್ಯ. ಹಸುವಿನ ಬಾಯಿ, ಕಾಲು, ಕೆಚ್ಚಲು ಎಲ್ಲ ನೋಡಿದರು. "ಏನೂ ಇಲ್ಲ ಕಣ್ರೀ. ಹುಚ್ಚು ಹಿಡಿದ ದನ ಇಷ್ಟು ದಿನ ನಿಂತು ಮೇಯೋದಿಲ್ಲ, ನಾಲ್ಕೈದು ದಿನದಲ್ಲೇ ಬೀಳ್ತಿತ್ತು" ಅಂದರು.

"ಇದನ್ನೇ ಹೋಟ್ಲಿಗೆ ಬಂದು ಒಂದು ಸಲ ಹೇಳಿ ಸ್ವಾಮಿ" ಅಂದೆ.

ಅವರು ಕೈ ಒರೆಸಿಕೊಳ್ಳುತ್ತಾ ನಕ್ಕರು. "ನಾನು ಹೇಳ್ತೀನಿ. ಕೇಳ್ತಾರೆ ಅಂತ ಅನ್ಕೋಬೇಡಿ. ನಾಯಿಗಳಿಗೆ ಸೂಜಿ ಹಾಕಿಸ್ರಿ ಅಂತ ವರ್ಷದಿಂದ ಹೇಳ್ತಿದೀನಿ, ಅದನ್ನ ಕೇಳದ ಜನ ಇದನ್ನ ಕೇಳ್ತಾರಾ?"

ಹೇಳಿದರು. ಜೀಪು ನಿಲ್ಲಿಸಿ, ಚಾಯ ಕುಡಿದು, ಎಲ್ಲರ ಮುಂದೆ ಹೇಳಿಹೋದರು. ಜೀಪಿನ ಧೂಳು ಇಳಿದ ಮೇಲೆ ಮುದುಕ ಅಂದ: "ಏನೂ ಇಲ್ದೆ ಸರ್ಕಾರದ ಜೀಪು ಅಲ್ಲೀವರ್ಗೂ ಯಾಕೆ ಹೋಗ್ತಿತ್ತು?" ಬೆಂಚಿನ ಮೇಲಿದ್ದವರಿಗೆಲ್ಲ ಅದು ಸರಿ ಅನ್ನಿಸಿತು. ನಿಜ ಹೇಳಬೇಕೆಂದರೆ ಅವನು ಆ ಮಾತನ್ನು ಬೇರೆ ಯಾರ ಬಗ್ಗೆಯಾದರೂ ಆಡಿದ್ದರೆ ನನಗೂ ಸರಿ ಅನ್ನಿಸುತ್ತಿತ್ತು.

ಈ ಮಾತನ್ನು ಮೊದಲು ಹುಟ್ಟಿಸಿದವರು ಸಿಕ್ಕಿದರೆ ಬುಡದಲ್ಲೇ ಕಡಿಯಬಹುದು ಅಂದುಕೊಂಡು ಸೌದೆ ಹೊತ್ತು ಹೋದ ಹೆಂಗಸರನ್ನು ಹುಡುಕಿದೆ. ಅವರಲ್ಲಿ ದೊಡ್ಡವಳು ಒಬ್ಬ ಅಜ್ಜಿ, ಲೈನಿನ ತುದಿಯ ಮನೆಯವಳು. ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಹುಚ್ಚು ಅಂತ ನೀನೇ ಹೇಳಿದ್ದಾ ಅಜ್ಜಿ?"

"ನಾ ಯಾಕಪ್ಪ ಹೇಳ್ಲಿ? ನೊರೆ ಬರ್ತಾ ಇತ್ತು ಅಂದೆ. ಬರ್ತಾ ಇತ್ತಾ ಇಲ್ವಾ?"

"ಬರ್ತಾ ಇತ್ತು."

"ಅಷ್ಟೇ ನಾ ಹೇಳಿದ್ದು. ನನ್ನ ಸೊಸೆ, ಹುಚ್ಚು ನಾಯಿ ಲೈನಿನ ಹತ್ರ ಓಡಾಡಿತ್ತಲ್ಲ ಅಂದ್ಲು. ಓಡಾಡಿತ್ತಲ್ವಾ?"

"ಓಡಾಡಿತ್ತು."

"ಮತ್ತೆ ಸುಳ್ಳು ಎಲ್ಲಿದೆ?"

ನಾನು ಜಗಳ ಕಾಯಲೆಂದು ಹೋಗಿದ್ದೆ. ಅಲ್ಲಿ ಜಗಳವಾಡಲು ಏನೂ ಇರಲಿಲ್ಲ. ಅವಳು ನೋಡಿದ್ದನ್ನು ಹೇಳಿದ್ದಳು, ಸೊಸೆ ಕೇಳಿದ್ದನ್ನು ಹೇಳಿದ್ದಳು, ರೈಟ್ರ ಹೆಂಡತಿ ಮಕ್ಕಳಿರುವ ಮನೆ ಅಂತ ಎಚ್ಚರ ವಹಿಸಿದ್ದರು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ಕೇಳಿದರೆ ಯಾರೂ ತಪ್ಪಿತಸ್ಥರಲ್ಲ. ಕಳ್ಳನಿದ್ದರೆ ಹಿಡಿಯಬಹುದಿತ್ತು.

ಅಜ್ಜಿ ಅಕ್ಕಿಯ ಮೊರ ಪಕ್ಕಕ್ಕಿಟ್ಟು ಇನ್ನೊಂದು ಮಾತು ಹೇಳಿದಳು. ಪಕ್ಕದ ಮನೆಯ ತಮಿಳು ಹೆಂಗಸು, ನನ್ನಿಂದ ಕೂಸಿಗೆ ಹಾಲು ಒಯ್ಯುತ್ತಿದ್ದವಳು, ಎಸ್ಟೇಟಿನ ಮೇಸ್ತ್ರಿಯ ಮಾತು ಕೇಳಿ ಕೂಸನ್ನು ಎತ್ತಿಕೊಂಡು ದಿನಾ ಮಡಿಕೇರಿಯ ಆಸ್ಪತ್ರೆಗೆ ಹೋಗುತ್ತಿದ್ದಾಳೆ ಅಂತ. ಹುಚ್ಚಿನ ಸೂಜಿ ಹಾಕಿಸುವುದಕ್ಕೆ.

ಅದನ್ನು ಕೇಳಿದ ಮೇಲೆ ನನಗೆ ಹಾಲಿನ ವ್ಯಾಪಾರದ ಚಿಂತೆ ಹಿಂದಕ್ಕೆ ಹೋಯಿತು. ಆ ಸೂಜಿಯನ್ನು ಹೊಟ್ಟೆಗೆ, ಹೊಕ್ಕುಳ ಸುತ್ತ ಚುಚ್ಚುತ್ತಿದ್ದರು. ದೊಡ್ಡವರೇ ಕಿರುಚುತ್ತಿದ್ದರು. ಮಾರನೆಯ ದಿನ ಮಡಿಕೇರಿಯಿಂದ ಬರುವ ಮಧ್ಯಾಹ್ನದ ಬಸ್ಸಿಗೆ ಕಾದು ನಿಂತೆ. ಅವಳು ಇಳಿದಳು. ಕೂಸು ಹೆಗಲ ಮೇಲೆ ಮಲಗಿತ್ತು. ಅತ್ತು ಅತ್ತು ಮುಖ ಊದಿತ್ತು. ನನ್ನನ್ನು ಕಂಡು ಅವಳು ಸೆರಗಿನಿಂದ ಅದರ ಹೊಟ್ಟೆ ಮುಚ್ಚಿದಳು.

"ಇದು ಬೇಡಮ್ಮ" ಅಂದೆ. "ಹಸು ಚೆನ್ನಾಗಿದೆ. ಡಾಕ್ಟ್ರು ನೋಡಿದಾರೆ. ನೀನು ಹಾಲು ಕಾಯಿಸಿ ತಾನೆ ಕೊಡ್ತಿದ್ದೆ?"

"ಕಾಯ್ಸಿ ಕೊಟ್ಟೆ ಸಾಮಿ. ಆಸ್ಪತ್ರೇಲೂ ಕೇಳಿದ್ರು. ಕಾಯ್ಸಿದ್ರೆ ಪರವಾಗಿಲ್ಲ ಅಂತಾನೂ ಹೇಳಿದ್ರು."

"ಮತ್ತೆ?"

"ನಾನೇ ಕೈ ಮುಗ್ದು ಹಾಕಿ ಅಂದೆ." ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. "ನಿಮ್ಮ ಹಸು ಚೆನ್ನಾಗಿದೆ ಸಾಮಿ, ನಾನು ಇಲ್ಲ ಅನ್ನಲ್ಲ. ಈಗ ಸೂಜಿ ನಿಲ್ಸ್ತೀನಿ. ನಾಳೆ ಇದಕ್ಕೆ ಏನಾದ್ರೂ ಆದ್ರೆ ನೀವು ಬರ್ತೀರಾ?"

ಬರುತ್ತೇನೆ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಾನೇ ಆಡಿದ ಒಂದು ಮಾತು ನೆನಪಾಯಿತು. ಹುಚ್ಚು ನಾಯಿ ನಮ್ಮ ಬೇಲಿಯ ಕಡೆ ಬರಲೇ ಇಲ್ಲ ಅಂತ ಎಲ್ಲರಿಗೂ ಹೇಳಿದ್ದೆ. ಆದರೆ ಆ ವಾರ ಹಗಲೆಲ್ಲ ನಾನು ಗದ್ದೆಯಲ್ಲಿದ್ದೆ, ಹಸು ತನ್ನ ಪಾಡಿಗೆ ಮೇಯುತ್ತಿತ್ತು. ನೋಡದಿದ್ದದ್ದನ್ನು ನೋಡಿದವನಂತೆ ಹೇಳಿದ್ದೆನೇನೋ ಅನ್ನಿಸಿತು. ಡಾಕ್ಟರು ಹೇಳಿದ್ದು ನೆನಪಿತ್ತು, ಮಿಡಿ ಕೈಗೆ ಸಿಕ್ಕಿದ್ದು ನೆನಪಿತ್ತು. ಆದರೂ ಒಬ್ಬ ತಾಯಿಯ ಮುಂದೆ ಅವಳ ಕೂಸನ್ನು ಇಟ್ಟು ಪಣ ಕಟ್ಟುವಷ್ಟು ಧೈರ್ಯ ಎಲ್ಲಿಂದ ತರುವುದು? ಅವಳು ಸ್ವಲ್ಪ ಹೊತ್ತು ಕಾದು, ಲೈನಿನ ಕಡೆ ನಡೆದಳು. ಅವಳ ಸೂಜಿಗಳು ಮುಗಿಯುವವರೆಗೂ ನಾನು ಆ ಬಸ್ಸಿನ ಹೊತ್ತಿಗೆ ಊರೊಳಗೆ ಹೋಗುತ್ತಿರಲಿಲ್ಲ.

ಆ ದಿನಗಳಲ್ಲಿ ಊಟಕ್ಕೆ ಕೂತಾಗ ನೀರಿನ ಚೊಂಬು ಎತ್ತಿದರೆ ಹೆಂಡತಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಳು. ನೋಡಿದ್ದು ನನಗೆ ಗೊತ್ತಾಯಿತು ಅಂತ ತಿಳಿದ ಕೂಡಲೇ ಬೇರೆ ಕಡೆ ತಿರುಗುತ್ತಿದ್ದಳು. ನಾನೂ ನುಂಗುವಾಗ ಗಂಟಲಿನ ಮೇಲೆ ಗಮನ ಇಡುತ್ತಿದ್ದೆ. ಗಮನ ಇಟ್ಟು ನುಂಗಿದರೆ ಆರೋಗ್ಯವಂತನಿಗೂ ನೀರು ತಡೆಯುತ್ತದೆ. ಅದನ್ನು ಯಾರಿಗೂ ಹೇಳಲಿಲ್ಲ.

ಹಾಲು ಕರೆಯದೆ ಬಿಡುವ ಹಾಗಿಲ್ಲ. ಒಂದಷ್ಟು ನಾವು ಕುಡಿದೆವು, ಮೊಸರು ಮಾಡಿದೆವು, ಬೆಣ್ಣೆ ತೆಗೆದೆವು. ಬೆಣ್ಣೆಯನ್ನೂ ಯಾರೂ ಕೊಳ್ಳಲಿಲ್ಲ. ಕರುವಿಗೆ ಹೆಚ್ಚು ಬಿಟ್ಟು ಅದಕ್ಕೆ ಹೊಟ್ಟೆ ಕೆಟ್ಟಿತು. ಹಸು ಮಾರೋಣವೆಂದು ಕುಶಾಲನಗರದ ದಲ್ಲಾಳಿಯೊಬ್ಬನ ಹತ್ತಿರ ಹೋದೆ. ಅವನು ಹಲ್ಲು, ಕೆಚ್ಚಲು ನೋಡುವ ಮೊದಲೇ, "ಸುಂಟಿಕೊಪ್ಪದ್ದಾ? ಬೇಲಿ ಪಕ್ಕದ ಗೌಡ್ರುದ್ದಾ?" ಅಂತ ಕೇಳಿದ. ಹಗ್ಗ ಹಿಡಿದು ವಾಪಸು ಬಂದೆ. ನಾನು ಎಸ್ಟೇಟಿನಲ್ಲಿ ಚರಂಡಿ ತೋಡುವ ಕೂಲಿಗೆ ಹೆಸರು ಬರೆಸಿದೆ. ದುಡಿಯುವುದಕ್ಕೆ ನನಗೆ ನಾಚಿಕೆ ಇಲ್ಲ. ಆದರೆ ಮಸ್ಟರಿನಲ್ಲಿ ಹಾಜರಿ ಹಾಕುವಾಗ ರೈಟ್ರು ನನ್ನ ಮುಖ ನೋಡದೆ ಬರೆದುಕೊಂಡರು. ಅದೊಂದು ಕಷ್ಟವಾಯಿತು.

ಮಳೆಗಾಲ ಬಂದು ಹೋಯಿತು. ಹಸು ಸಾಯಲಿಲ್ಲ, ನಾನೂ ಸಾಯಲಿಲ್ಲ. ಇನ್ನಾದರೂ ಮುಗಿಯಬೇಕಲ್ಲ ಅಂತ ಒಂದು ದಿನ ಬೇಕೆಂದೇ ಹಸುವನ್ನು ಹೊಡೆದುಕೊಂಡು ಹೋಟೆಲಿನ ಮುಂದಿನ ರಸ್ತೆಯಲ್ಲೇ ಹೋದೆ. ಬೆಂಚಿನವರೆಲ್ಲ ನೋಡಿದರು. ಮುದುಕ ಕಣ್ಣು ಕಿರಿದು ಮಾಡಿ, "ಒಳ್ಳೆ ಹಸು. ಎಲ್ಲಿ ತಂದೆ?" ಅಂದ.

"ಎಲ್ಲಿಂದಲೂ ತಂದಿಲ್ಲ. ಅದೇ ಹಸು."

"ಹೌದಾ" ಅಂದ, ಪಕ್ಕದವನ ಕಡೆ ನೋಡಿ. ಅವನು, "ಬಣ್ಣ ಏನೋ ಹಂಗೇ ಐತೆ" ಅಂದ. ಸಾಯಂಕಾಲದೊಳಗೆ ನಾನು ಸತ್ತ ಹಸುವನ್ನು ಯಾರಿಗೂ ಗೊತ್ತಾಗದ ಹಾಗೆ ಹೂತು, ಅದೇ ಬಣ್ಣದ ಇನ್ನೊಂದನ್ನು ಹಾಸನದ ನೆಂಟರಿಂದ ತಂದಿದ್ದೇನೆ ಅಂತ ಆಯಿತು. ಅದಕ್ಕೆ ಉತ್ತರ ಕೊಡಲು ನಾನು ಹೋಗಲಿಲ್ಲ. ಉತ್ತರ ಕೊಡದೆ ಇದ್ದದ್ದು ಬುದ್ಧಿ ಬಂದು ಅಲ್ಲ, ದಣಿದು. ಎದುರಿಸಬೇಕಿತ್ತೋ ಕಿವಿ ಮುಚ್ಚಿಕೊಂಡಿರಬೇಕಿತ್ತೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಎರಡನ್ನೂ ಮಾಡಿ ನೋಡಿದವನು ನಾನು. ಎರಡರಿಂದಲೂ ಒಂದು ಪಾವು ಹಾಲು ಹೆಚ್ಚು ಖರ್ಚಾಗಲಿಲ್ಲ.

ಚಳಿ ಶುರುವಾದಾಗ ಕಾಕ ನಮ್ಮ ಮನೆಯವರೆಗೆ ನಡೆದು ಬಂದ. ಜಗಲಿಯಲ್ಲಿ ಕೂರಲಿಲ್ಲ. "ಗೌಡ್ರೇ, ಈಗ ತರೋ ಹಾಲಿನಲ್ಲಿ ಚಾಯ ಆಗೋದಿಲ್ಲ. ನೀರು. ನಿಮ್ಮ ಹಾಲು ಬೇಕು. ಆದ್ರೆ ನೀವು ತರ್ಬೇಡಿ."

"ಮತ್ತೆ ಯಾರು ತರೋದು?"

ಅವನು ಪಕ್ಕದ ಮನೆಯ ಕಡೆ ನೋಡಿದ. ಅಲ್ಲಿದ್ದ, ಊರಿಗೆಲ್ಲ ಅಕ್ಕ ಆಗಿದ್ದ ಹೆಂಗಸು ಒಂದು ಎಮ್ಮೆ, ಒಂದು ಹಸು ಸಾಕಿ ಸ್ವಲ್ಪ ಹಾಲು ಹಾಕುತ್ತಿದ್ದಳು. "ಅವರ ಕ್ಯಾನಲ್ಲಿ ಬಂದ್ರೆ ಅವರದ್ದು. ಯಾರೂ ಕೇಳೋದಿಲ್ಲ."

ನಾನು ಆಗುವುದಿಲ್ಲ ಅಂದೆ. ನನ್ನ ಹಾಲನ್ನು ನಾನು ಕದ್ದು ಮಾರುವುದೇ? ಕಾಕ ವಾದ ಮಾಡಲಿಲ್ಲ, ಹೊರಟುಹೋದ. ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಆ ದಿನ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ನನ್ನ ಹಟಕ್ಕೇ ಅಂಟಿಕೊಂಡಿರುತ್ತಿದ್ದೆ. ಬೆಳಿಗ್ಗೆ ಕರೆದ ಹಾಲನ್ನು ಅವಳೇ ಬೇಲಿ ದಾಟಿಸಿ ಅಕ್ಕನ ಕ್ಯಾನಿಗೆ ಸುರಿದು ಬಂದಳು. ನಾನು ನೋಡಿದೆ, ತಡೆಯಲಿಲ್ಲ.

ಕೆಲವು ದಿನ ಬಿಟ್ಟು ಚರಂಡಿ ಕೆಲಸ ಮುಗಿಸಿ ಹೋಟೆಲಿಗೆ ಹೋದೆ. ಮುದುಕ ಚಾಯವನ್ನು ನಾಲಿಗೆಯ ಮೇಲೆ ಹೊರಳಿಸಿ, "ಕಾಕ, ಈಗೀಗ ಚಾಯ ಬಾಯಿಗೆ ಹಿಡೀತದೆ. ಹಾಲು ಯಾರದ್ದು?" ಅಂದ.

"ಅಕ್ಕನದ್ದು" ಅಂದ ಕಾಕ, ನನ್ನ ಕಡೆ ನೋಡದೆ.

"ಹಾಲು ಅಂದ್ರೆ ಅದು. ಗೌಡ, ನೀನೂ ಅವ್ಳ ಹತ್ರ ಕಲ್ತ್ಕೊ, ದನ ಹೆಂಗೆ ಸಾಕೋದು ಅಂತ." ಬೆಂಚಿನವರು ನಕ್ಕರು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ನನ್ನ ಲೋಟವೂ ಬಂತು. ನಾನು ಕುಡಿದೆ.

ಮಾರನೆಯ ಬೆಳಿಗ್ಗೆ ಅಕ್ಕ ಖಾಲಿ ಕ್ಯಾನು ಹಿಡಿದು ಬೇಲಿಯ ಹತ್ತಿರ ನಿಂತಿದ್ದಳು. ನಾಚಿಕೊಂಡ ಹಾಗೆ ಕಂಡಳು. "ತಮ್ಮ, ರೈಟ್ರ ಮನೆಯವ್ರು ನಾಳೆಯಿಂದ ಒಂದು ಸೇರು ಬೇಕು ಅಂತಾರೆ. ಮಗೀಗೆ ಆ ಹಾಲೇ ಒಗ್ಗೋದಂತೆ. ಎಂತ ಹೇಳ್ಲಿ?"

"ಕೊಡ್ತೀನಿ ಅಂತ ಹೇಳಕ್ಕ" ಅಂದೆ. "ನಿಮ್ಮ ಹಸುಂದೇ ತಾನೆ."